ಅವನು ಅಂದು ನಕ್ಕಿದ್ದು ಯಾಕೆ?

"ಸ್ವಲ್ಪ ಕಾಲು ತೆಗೀತೀರಾ? ನನ್ನ ಸೀಟು ಆ ಕಡೆ..."

ಆ ದನಿಗೆ ಅವಳ ಎದೆ ಝಲ್ಲೆಂದಿತು. ತಲೆ ಎತ್ತಿದಳು.

ಅವನೇ!

ಎಂಟು ವರ್ಷಕ್ಕೆ ಕೆನ್ನೆಯ ಪಕ್ಕ ನಾಲ್ಕು ಕೂದಲು ನೆರೆತಿದ್ದವು, ಅಷ್ಟೇ ವ್ಯತ್ಯಾಸ. ಅವನೂ ನಿಂತಲ್ಲೇ ಕಲ್ಲಾದ.

"ನೀನು...?"

"ಕೂತ್ಕೊಳ್ಳಿ. ಹಿಂದಿನವರಿಗೆ ಪರದೆ ಕಾಣಲ್ಲ."

ಅವಳ ಬಾಯಿಂದ ಬಂದ ಆ ಬಹುವಚನ ಅವನಿಗೆ ತಾಗಿತು. ಅವಳ ಬಲಕ್ಕಿದ್ದ ಸೀಟಿನಲ್ಲಿ ಕೂತ.

"ಯಾರೇ ಪುಟ್ಟಿ ಅದು?" ಎಡಗಡೆಯಿಂದ ಅಕ್ಕ ತಿವಿದಳು.

"ಯಾರೂ ಇಲ್ಲ. ಸಿನಿಮಾ ನೋಡು."

ಯಾರೂ ಇಲ್ಲವೇ? ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸದಲ್ಲಿದ್ದಾಗ ಆ ಕಟ್ಟಡದ ಲಿಫ್ಟ್ ರಿಪೇರಿಗೆ ಬರುತ್ತಿದ್ದವನು ಅವನು. ಲಿಫ್ಟ್ ಚೆನ್ನಾಗಿದ್ದ ದಿನವೂ ಬರುತ್ತಿದ್ದ! "ಕೆಟ್ಟಿರೋದು ಲಿಫ್ಟೋ, ಹುಡುಗನ ತಲೆಯೋ?" ಎಂದು ಕಾವಲುಗಾರ ನಗಾಡುತ್ತಿದ್ದ.

ಇದೇ ಸಿನಿಮಾ ಮೊದಲ ಸಲ ಬಂದಾಗ ಇಬ್ಬರೂ ಒಟ್ಟಿಗೆ ನೋಡಲು ಬಂದಿದ್ದರು. ಇಸ್ತ್ರಿ ಮುರಿಯದ ಕೋಟು ತೊಟ್ಟು ವಜ್ರ ಕದಿಯಲು ಹೊರಡುವ ಕಳ್ಳರ ತಮಾಷೆಯ ಕಥೆ. ಅಂದೂ ಅವಳು ಅವನ ಎಡಕ್ಕೇ ಕೂತಿದ್ದಳು. ಕತ್ತಲಲ್ಲಿ ಧೈರ್ಯ ಮಾಡಿ ಅವನ ಕಿವಿಯಲ್ಲಿ ಹೇಳಿದ್ದಳು...

"ನನಗೆ ನೀನಂದ್ರೆ ಪ್ರಾಣ. ಮದುವೆ ಆಗೋಣ್ವಾ?"

ಅವನು ತೊಡೆ ತಟ್ಟಿಕೊಂಡು ನಕ್ಕಿದ್ದ. ಕಣ್ಣಲ್ಲಿ ನೀರು ಬರುವಷ್ಟು!

ಅವಳು ಎದ್ದು ಹೋದವಳು ಹಿಂತಿರುಗಿ ನೋಡಲಿಲ್ಲ. ಅಂಗಡಿ ಬಿಟ್ಟಳು, ಫೋನ್ ನಂಬರ್ ಬದಲಿಸಿದಳು. ಮನೆಯವರು ತೋರಿಸಿದ ಗಂಡುಗಳಿಗೆಲ್ಲ ಬೇಡವೆಂದು ತಲೆ ಅಲ್ಲಾಡಿಸುತ್ತಲೇ ಬಂದಳು. ಸಿನಿಮಾ ಮತ್ತೆ ತೆರೆಗೆ ಬಂದಿದೆ ಎಂದು ಅಕ್ಕ ಎಳೆದಾಗ, 'ಒಂದು ಸಿನಿಮಾಕ್ಕೆ ಎಷ್ಟು ದಿನ ಹೆದರಲಿ?' ಎಂದು ಹೊರಟಿದ್ದಳು.

ಪರದೆಯ ಮೇಲೆ ಕಳ್ಳರ ನಾಯಕ ವಜ್ರ ಜೇಬಿಗಿಳಿಸಿ, ಕತ್ತಲಲ್ಲೂ ಕಪ್ಪು ಕನ್ನಡಕ ತೆಗೆಯದೆ, ರಾಜಗಾಂಭೀರ್ಯದಿಂದ ನಡೆದು ಬಂದ. ಕಾರಿನ ಬಾಗಿಲು ತೆಗೆದು ಕೂತ. "ನಡಿ!" ಎಂದ.

ಅದು ಪೊಲೀಸ್ ಜೀಪು!

ಇಡೀ ಥಿಯೇಟರ್ ಗೊಳ್ಳೆಂದಿತು. ಅವಳಿಗೂ ತಡೆಯಲಾಗಲಿಲ್ಲ. ನಗುತ್ತಿದ್ದವಳು ಥಟ್ಟನೆ ನಗು ನಿಲ್ಲಿಸಿದಳು.

'ಇದೇ ಸೀನು... ನಾನು ಹೇಳಿದ್ದು ಈ ಹೊತ್ತಿಗೇ! ಪರದೆ ನೋಡಿದ್ದರೆ ತಾನೆ ಗೊತ್ತಾಗೋದು? ನಾನು ಇವನ ಮುಖವನ್ನೇ ನೋಡ್ತಿದ್ದೆ... ಆದರೆ ಅಷ್ಟು ಹತ್ತಿರ ಹೇಳಿದ್ದು ಕೇಳಿಸಲಿಲ್ವಾ?'

ಮಧ್ಯಂತರದಲ್ಲಿ ಮೆಟ್ಟಿಲ ಬಳಿ ಅವನನ್ನು ಹಿಡಿದಳು.

"ಅವತ್ತು ಯಾಕೆ ನಕ್ಕೆ?"

ಅವನು ಗಲಿಬಿಲಿಗೊಂಡು ತಲೆ ತಿರುಗಿಸಿದ. "ಈ ಕಡೆ ಬಂದು ಹೇಳು. ಆ ಕಿವಿ ಕೇಳಲ್ಲ."

"ಏನು?!"

"ಎಡಗಿವಿ. ಚಿಕ್ಕವನಿದ್ದಾಗ ಜ್ವರ ಬಂದು ಹೋಯ್ತು."

ಅವಳು ಗೋಡೆ ಹಿಡಿದುಕೊಂಡಳು. "ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬಿಟ್ಟು ಹೋಗ್ತೀಯ ಅಂತ ಹೆದರಿದ್ದೆ. ಹೇಳದೇ ಇದ್ರೂ ಹೋದೆ... ನಿನಗೆ ಹೇಗೋ ಗೊತ್ತಾಗಿರಬೇಕು, ಕಿವುಡನ ಸಹವಾಸ ಬೇಡ ಅಂತ ನೀನು ಹೋದೆ ಅಂದ್ಕೊಂಡು ನಾನೂ ಹುಡುಕಿ ಬರಲಿಲ್ಲ. ಅವತ್ತು ನೀನು ಏನಾದ್ರೂ ಹೇಳಿದ್ಯಾ?"

"ಮದುವೆ ಆಗೋಣ್ವಾ ಅಂತ ಕೇಳಿದ್ದೆ, ಪೆದ್ದ!"

ಅವನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಅವಳಿಗೆ ಅಳು ಬರಬೇಕಿತ್ತು. ಬಂದದ್ದು ದೊಡ್ಡದೊಂದು ನಿಟ್ಟುಸಿರು. ಅವನು ತನ್ನನ್ನು ನೋಡಿ ನಕ್ಕಿರಲಿಲ್ಲ. ಒಂದು ದಿನವೂ ನಕ್ಕಿರಲಿಲ್ಲ! ಮೈಯೆಲ್ಲ ಹಗುರಾಯಿತು. ಅವನ ಬಲಕ್ಕೆ ಕೂತಳು.

"ಮನೆಯಲ್ಲಿ... ಯಾರಾದ್ರೂ?" ಮೆಲ್ಲಗೆ ಕೇಳಿದಳು.

"ಅಮ್ಮ. ದಿನಾ ಬೈತಾಳೆ, ಮದುವೆ ಆಗು ಅಂತ." ಅವನು ಅಂಜುತ್ತಲೇ ಅವಳ ಬೆರಳು ಹಿಡಿದ. "ಇವತ್ತು ಹೋಗಿ, ಆಗ್ತೀನಮ್ಮ ಅನ್ನಲಾ?"

"ಅನ್ನು."

ಒಳಗೆ ಸಿನಿಮಾ ಮತ್ತೆ ಶುರುವಾಯಿತು.

"ಹೋಗೋಣ್ವಾ?"

"ಬೇಡ. ಅಕ್ಕ ನೋಡಿ ಕಥೆ ಹೇಳ್ತಾಳೆ. ನನಗೆ ಹಸಿವಾಗ್ತಿದೆ."

"ಏನು ತಿಂತೀಯ?"

"ಏನಾದ್ರೂ... ನಿಧಾನವಾಗಿ ತಿನ್ನೋಣ."