ಜುಟ್ಟಿದ್ದ ಒಂದೇ ಕಾಯಿ

ಗೋಣಿಚೀಲ ಹೊತ್ತು ಶಿವರಾಜು ಬಾಗಿಲಿಗೆ ಬಂದಾಗ, ಅದರೊಳಗೆ ಹಗ್ಗ ಇದೆಯೆಂದೇ ಗಂಗಲಕ್ಷ್ಮಿ ತಿಳಿದಳು. ಅವನು ಚೀಲ ಇಳಿಸುವ ಮೊದಲೇ, ಹರಿದ ಬಲೆಯಿಂದ ತಲೆ ಎತ್ತದೆ ಹೇಳಿಬಿಟ್ಟಳು.

"ಹಗ್ಗ ಹಿಡಿಯಕ್ಕೆ ನಾನು ಬರಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊ."

ಐದು ತಿಂಗಳ ಮೇಲೆ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು. ಐದು ತಿಂಗಳು ಕೂಡಿಟ್ಟದ್ದಕ್ಕೆ ಇನ್ನೂ ಒಳ್ಳೆಯ ಮಾತು ಆಡಬಹುದಿತ್ತು ಅಂತ ಅವಳಿಗೇ ಅನಿಸಿತು.

"ಹಗ್ಗ ಅಲ್ಲ ಕಣೇ," ಎಂದ ಶಿವರಾಜು. "ಕಾಯಿ ತಂದಿವ್ನಿ."

ಬೋರನಕಣಿವೆಯ ಹಿನ್ನೀರಿನ ದಡದಲ್ಲಿ ಬಲೆ ಹಾಕುವ ಎಂಟು ಹತ್ತು ಮನೆಗಳಿವೆ. ಆ ಮನೆಗಳಲ್ಲಿ ಒಂದು ಕಟ್ಟುಪಾಡು. ನೀರಿನಡಿಯ ಹಳೇ ಮರದ ಬೊಡ್ಡೆಗಳಿಗೆ ಬಲೆ ಸಿಕ್ಕಿಕೊಂಡರೆ ಯಾರಾದರೂ ಮುಳುಗಿ ಬಿಡಿಸಬೇಕು, ಮುಳುಗುವವನ ಸೊಂಟದ ಹಗ್ಗದ ಇನ್ನೊಂದು ತುದಿಯನ್ನು ಅವನ ಮನೆಯವರೇ ಹಿಡಿಯಬೇಕು. ಅಣ್ಣನೋ, ಭಾವನೋ, ಹೆಂಡತಿಯೋ. ಶಿವರಾಜುವಿಗೆ ಇವರು ಯಾರೂ ಇರಲಿಲ್ಲ. ಶೆಟ್ಟಿಕೆರೆಯಲ್ಲಿ ಕೆಂಪಕ್ಕ ಅಂತ ಒಬ್ಬಳು ದೊಡ್ಡಮ್ಮ ಇದ್ದಳು, ಅವಳಿಗೆ ಮೊಣಕಾಲುದ್ದ ನೀರು ಕಂಡರೂ ತಲೆ ಸುತ್ತು. ಹಾಗಾಗಿ ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಗಂಗಲಕ್ಷ್ಮಿ ದೋಣಿ ಹತ್ತಿ ಆ ತುದಿ ಹಿಡಿದುಕೊಂಡು ಕೂತಳು. ದಡದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾದರು. ಅವಳ ಅಪ್ಪ ಗಿಡ್ಡಯ್ಯನಂತೂ ಬೀಡಿ ಹಚ್ಚಿಕೊಂಡು ಬೇರೆ ಕಡೆ ತಿರುಗಿದ. ವಿಷಯ ಎಲ್ಲರಿಗೂ ಗೊತ್ತಾಗಿತ್ತು. ಗೊತ್ತಿಲ್ಲದವರ ಹಾಗೆ ಇದ್ದವರು ಅವರಿಬ್ಬರೇ.

ಕಳೆದ ಕಾರ್ತೀಕದಲ್ಲಿ ಅದು ಮುರಿಯಿತು. ಮುಳುಗಿದವನು ಮೂರು ಸಲ ಹಗ್ಗ ಜಗ್ಗಿದರೆ ಎಳೆಯಬೇಕು ಅಂತ ಲೆಕ್ಕ. ಆ ದಿನ ಜಗ್ಗಲೇ ಇಲ್ಲ. ಅವಳಾಗಿ ಎಳೆದಳು, ಹಗ್ಗ ಬರಲಿಲ್ಲ. ಮತ್ತೆ ಎಳೆದಳು, ಅಂಗೈ ಸುಲಿದು ರಕ್ತ ಬಂತು, ಹಗ್ಗ ಬರಲಿಲ್ಲ. ಮೂರನೆಯ ಸಲ ಎಳೆಯಲು ಅವಳು ಕಾಲು ಊರಿದಾಗ ದೋಣಿಯ ಆ ಬದಿಯಲ್ಲಿ ಶಿವರಾಜು ಮೇಲೆದ್ದ. ಕಾಲಿಗೆ ಬಲೆ ಸುತ್ತಿಕೊಂಡಿತ್ತಂತೆ, ಕತ್ತಿಯಿಂದ ಕುಯ್ದುಕೊಂಡು ಬಂದಿದ್ದ. ಮೀನಖಂಡದಿಂದ ರಕ್ತ ಸುರಿಯುತ್ತಿತ್ತು. ಅವನು ಮಾತ್ರ ನಗುತ್ತಿದ್ದ.

ಆ ನಗು ಅವಳ ಮೈಯೆಲ್ಲ ಉರಿಸಿತು. ಹಗ್ಗವನ್ನು ದೋಣಿಯೊಳಗೆ ಎಸೆದು, ಇನ್ನು ನಿನ್ನ ಹಗ್ಗ ಮುಟ್ಟಲ್ಲ ಎಂದು ದಡ ಹತ್ತಿದವಳು ಹಿಂತಿರುಗಿ ನೋಡಲಿಲ್ಲ. ಅಲ್ಲಿಂದ ಈಚೆಗೆ ಅವನು ಹಗ್ಗದ ತುದಿಯನ್ನು ದೋಣಿಯ ಗೂಟಕ್ಕೆ ಕಟ್ಟಿ ಒಬ್ಬನೇ ಮುಳುಗುತ್ತಿದ್ದ. ಅದು ಗೊತ್ತಾದ ಮೇಲೆ ಅವಳಿಗೆ ಸರಿಯಾಗಿ ನಿದ್ದೆಯಿಲ್ಲ.

ನಿದ್ದೆಗೆಟ್ಟು ಅವಳು ಮಾಡಿದ ಕೆಲಸ ಬೇರೆಯಿತ್ತು. ಮೀನುಗಾರರ ಸಂಘಕ್ಕೆ ಒಂದು ಸೋನಾರ್ ಬಂದು ವರ್ಷವಾಗಿತ್ತು. ಊಟದ ಡಬ್ಬಿಯಷ್ಟು ದೊಡ್ಡ ಪರದೆ, ನೀರಿಗೆ ಇಳಿಬಿಡುವ ಒಂದು ಗುಂಡು. ಗುಂಡು ನೀರಿನೊಳಗೆ ಶಬ್ದ ಕಳಿಸುತ್ತದೆ, ತಾಗಿ ವಾಪಸ್ಸು ಬಂದದ್ದು ಪರದೆಯ ಮೇಲೆ ಹಳದಿ ಚುಕ್ಕಿಯಾಗಿ ಕಾಣುತ್ತದೆ. ಮೀನು ಕಾಣುತ್ತದೆ, ಬೊಡ್ಡೆ ಕಾಣುತ್ತದೆ, ಬಲೆ ಮಾತ್ರ ಕಾಣುವುದಿಲ್ಲ. ನೈಲಾನ್ ದಾರವನ್ನು ಶಬ್ದ ನೀರೆಂದೇ ಎಣಿಸಿ ದಾಟಿಹೋಗುತ್ತದೆ. ಕಳೆದುಹೋದ ಬಲೆ ಎಲ್ಲಿದೆ ಅಂತ ದೋಣಿಯಲ್ಲೇ ಗೊತ್ತಾದರೆ, ಬಾವಿಗೆ ಬಿದ್ದ ಬಿಂದಿಗೆ ತೆಗೆಯುವ ಪಾತಾಳಗರಡಿ ಬಿಟ್ಟು ಮೇಲಿಂದಲೇ ಎಳೆಯಬಹುದು, ಯಾರೂ ಮುಳುಗಬೇಕಿಲ್ಲ. ಹಾಗಂತ ಅವಳು ಬಲೆಗೆ ಏನೇನೋ ಕಟ್ಟಿ ನೋಡಿದಳು. ಸ್ಟೀಲ್ ಲೋಟ, ಸೈಕಲ್ ಬೆಲ್ಲು, ಮುಚ್ಚಳ ಬಿಗಿದ ಖಾಲಿ ಬಾಟಲಿ. ಲೋಟ ಮಸುಕಾಗಿ ಕಂಡಿತು. ಬಾಟಲಿ ಚೆನ್ನಾಗಿ ಕಂಡಿತು, ಆದರೆ ಆಳದಲ್ಲಿ ನಾಲ್ಕು ದಿನಕ್ಕೆ ನುಜ್ಜುಗುಜ್ಜಾಯಿತು.

ಇದೆಲ್ಲ ಶಿವರಾಜುವಿನ ಕಿವಿಗೂ ಬಿದ್ದಿತ್ತು. ಹಾಗಾಗಿಯೇ ಈ ಗೋಣಿಚೀಲ.

ಅವನು ಒಂದು ಕಾಯಿ ತೆಗೆದು ಅವಳ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಕೊಬ್ಬರಿ ಗಡಗಡ ಉರುಳಿತು. ಹತ್ತು ತಿಂಗಳು ಅಟ್ಟದಲ್ಲಿ ಒಣಗಿದ ಕಾಯಿ, ನೀರೆಲ್ಲ ಇಂಗಿದೆ, ಒಳಗಿರುವುದು ಬರೀ ಗಾಳಿ. ಮೀನು ಪರದೆಯ ಮೇಲೆ ಕಾಣುವುದೂ ಹೊಟ್ಟೆಯೊಳಗಿನ ಗಾಳಿಯಿಂದ ತಾನೆ ಎಂದು ಅವಳೇ ಸಂಘದಲ್ಲಿ ಎಲ್ಲರಿಗೂ ಪಾಠ ಹೇಳಿದ್ದಳು. ಚಿಪ್ಪಂತೂ ಕಲ್ಲಿನಂಥದ್ದು, ನುಜ್ಜಾಗುವುದಿಲ್ಲ.

"ಕೆಂಪಕ್ಕ ಒಂದೊಂದೂ ಕಿವಿಗಿಟ್ಟು ನೋಡಿ ಕೊಟ್ಟೈತೆ. ಹನ್ನೆರಡವೆ," ಎಂದ.

ಅವಳು ಕಾಯಿ ತೆಗೆದುಕೊಳ್ಳಲು ಕೈ ಚಾಚಿದಳು. ಅವನು ಕೊಡುವಾಗ ಬೆರಳು ಬೇಕೆಂದೇ ನಿಧಾನ ಮಾಡಿತು. ಅವಳು ಕಾಯಿಯನ್ನೇ ನೋಡಿದಳು, ಅವನು ಅವಳನ್ನೇ ನೋಡಿದ. ಮೂಗುತಿಯ ಪಕ್ಕ ಬೆವರಿನ ಹನಿಯೊಂದು ಇಳಿಯಲೋ ಬೇಡವೋ ಎಂದು ನಿಂತಿತ್ತು, ಅದನ್ನು ಒರೆಸಲು ಅವನಿಗೆ ಕೈ ತುರಿಸಿತು.

"ಹಂಗೆ ನೋಡ್ಬೇಡ," ಎಂದಳು.

"ಕಾಯಿ ನೋಡ್ತಿದ್ದೆ."

"ಕಾಯಿ ಇಲ್ಲೈತೆ." ಹೇಳುತ್ತಾ ಅವಳ ತುಟಿಯಂಚು ಕೊಂಕಿತು. ಐದು ತಿಂಗಳ ಬಿಗುಮಾನ ಅಲ್ಲಿಗೆ ಅರ್ಧ ಸಡಿಲಾಯಿತು.

ಗಿಡ್ಡಯ್ಯನ ಹೊಸ ಬಲೆಗೆ ಹನ್ನೆರಡೂ ಕಾಯಿ ಕಟ್ಟಿದರು, ತೇಲಿ ಮೇಲೆ ಬಾರದಂತೆ ಕೆಳಗೆ ಕಲ್ಲು ಹೆಚ್ಚಿಸಿದರು. ಪರದೆಯ ಮೇಲೆ ಹನ್ನೆರಡು ಚುಕ್ಕಿ ಸಾಲಾಗಿ ಎದ್ದಾಗ ಗಂಗಲಕ್ಷ್ಮಿ ಅವನ ತೋಳು ಹಿಡಿದುಕೊಂಡಿದ್ದಳು, ಹಿಡಿದದ್ದು ಗೊತ್ತಾಗಿ ಬಿಟ್ಟಳು. ಆ ಧೈರ್ಯದಲ್ಲೇ ಒಂದು ಕರಾರು ಹಾಕಿದಳು. ಕಳೆದುಹೋದ ಬಲೆ ಈ ಪರದೆಯಲ್ಲಿ ಕಂಡರೆ ಅವನು ಇನ್ನು ಯಾವತ್ತೂ ಮುಳುಗಬಾರದು. ಕಾಣದಿದ್ದರೆ ಅವನಿಗೆ ತೋಚಿದಂತೆ ಮಾಡಲಿ, ಅವಳು ಬೇಡ ಅನ್ನುವುದಿಲ್ಲ. ತುಮಕೂರಿನ ಕಡೆಯಿಂದ ಬಂದಿರುವ ಸಂಬಂಧಕ್ಕೆ ಅಪ್ಪ ಹೂಂ ಅಂದರೂ ಬೇಡ ಅನ್ನುವುದಿಲ್ಲ.

ಕೊನೆಯ ಮಾತು ಅವನು ನಿರೀಕ್ಷಿಸಿರಲಿಲ್ಲ. ಆದರೂ ಆಗಲಿ ಎಂದ.

ಬಲೆ ಕಳೆಯಲು ಮೂರು ವಾರ ಸಾಕಾಯಿತು. ಮುಂಗಾರಿನ ಮೊದಲ ಗಾಳಿ ಎರಡು ದಿನ ಬಿಡದೆ ಬೀಸಿ, ಕಟ್ಟಿದ ಗೂಟದ ಸಮೇತ ಗಿಡ್ಡಯ್ಯನ ಬಲೆಯನ್ನು ಎಳೆದುಕೊಂಡು ಹೋಯಿತು. ಮೂರನೆಯ ದಿನ ಬೆಳಿಗ್ಗೆ ನೀರು ತಣ್ಣಗಾದಾಗ ಅವರಿಬ್ಬರೂ ದೋಣಿ ಇಳಿಸಿದರು. ಗಿಡ್ಡಯ್ಯ ಭುಜದ ನೋವೆಂದು ದಡದಲ್ಲೇ ನಿಂತ.

ಹುಟ್ಟು ಹಾಕುತ್ತಿದ್ದವನು ಶಿವರಾಜು. ಪರದೆಯ ಮುಂದೆ ಅವಳು. ಪಕ್ಕದಲ್ಲಿ ಪಾತಾಳಗರಡಿ, ಅವನ ಕಾಲ ಬಳಿ ಸುತ್ತಿಟ್ಟ ಹಗ್ಗ. ಆ ಹಗ್ಗ ತರಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ, ಕರಾರು ಕರಾರೇ.

ಬೊಡ್ಡೆಗಳಿರುವ ಜಾಗವನ್ನು ಒಂದು ಸುತ್ತು ಹಾಕಿದರು. ಚುಕ್ಕಿಗಳಿಲ್ಲ. ಇನ್ನೊಂದು ಸುತ್ತಿಗೂ ಇಲ್ಲ. ಕಾಯಿ ಕಿತ್ತುಹೋಗಿದ್ದರೆ ತೇಲುತ್ತಿರಬೇಕಿತ್ತು, ನೀರಿನ ಮೇಲೆ ಒಂದೂ ಇಲ್ಲ. ಬಿಸಿಲು ಏರಿತು. ಅವಳ ಕುತ್ತಿಗೆ ಹಿಂದೆ ಬೆವರು ಹರಿಯಿತು. ಪರದೆಯನ್ನು ದಿಟ್ಟಿಸಿ ಕಣ್ಣು ಉರಿಯತೊಡಗಿತ್ತು, ರೆಪ್ಪೆ ಮುಚ್ಚಿದರೆ ಎಲ್ಲಿ ತಪ್ಪಿಹೋಗುತ್ತದೋ ಎಂಬ ಹೆದರಿಕೆ. ಮೂರನೆಯ ಸುತ್ತು ಮುಗಿದಾಗ ಶಿವರಾಜು ಹುಟ್ಟು ಒಳಗಿಟ್ಟು ಅಂಗಿ ಬಿಚ್ಚಿದ.

"ಬುಡು ಗಂಗಾ. ಇಲ್ಲೇ ಎಲ್ಲೋ ಐತೆ. ನಾನೇ ಇಳಿದು ನೋಡ್ತೀನಿ."

"ಇನ್ನೊಂದೇ ಒಂದು ಸುತ್ತು," ಎಂದಳು, ಪರದೆಯಿಂದ ಕಣ್ಣು ಕೀಳದೆ.

ಅವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡೇ ಹುಟ್ಟು ಹಿಡಿದ. ಬಡಗಣ ಬದಿಗೆ ಹೊರಳಿದಾಗ ಪರದೆಯ ಮೇಲೆ ಒಂದೇ ಒಂದು ಚುಕ್ಕಿ ಎದ್ದು ಹಿಂದೆ ಸರಿಯಿತು. ಅವನು ಅದು ಕಾಟ್ಲಾ ಮೀನು ಎಂದ. ಅವಳು ವಾಪಸ್ಸು ತಿರುಗಿಸು ಎಂದಳು. ಮೀನಾದರೆ ಜಾಗ ಬಿಡಬೇಕಿತ್ತು. ಮೂರು ಸಲ ಅದರ ಮೇಲೆ ಹೋದರು, ಮೂರು ಸಲವೂ ಅಲ್ಲೇ, ಇಪ್ಪತ್ತೆಂಟು ಅಡಿ ಕೆಳಗೆ, ಒಂದಿಷ್ಟೂ ಅಲುಗದೆ.

ಪಾತಾಳಗರಡಿಯನ್ನು ಅವಳೇ ಬಿಟ್ಟಳು. ಮೊದಲ ಸಲ ಖಾಲಿ ಬಂತು. ಎರಡನೆಯ ಸಲ ಏನೋ ಕಚ್ಚಿತು. ಇಬ್ಬರೂ ಸೇರಿ ಎಳೆದಾಗ ಬಲೆಯ ಒಂದು ಮೂಲೆ ಮೇಲೆ ಬಂತು, ಎರಡು ಕಾಯಿಗಳ ಸಮೇತ. ಒಂದನ್ನು ಎತ್ತಿದಳು, ಕಲ್ಲಿನ ಭಾರ. ಅಲ್ಲಾಡಿಸಿದರೆ ಒಳಗೆ ನೀರು ಕುಲುಕಿತು. ಇನ್ನೊಂದು ಹಗುರವಾಗಿತ್ತು, ಕೊಬ್ಬರಿ ಗಡಗಡ ಉರುಳಿತು. ಅದಕ್ಕೆ ನಾರಿನ ಜುಟ್ಟಿತ್ತು.

ಶಿವರಾಜು ಎರಡನ್ನೂ ಹಿಡಿದು ಪೆಚ್ಚಾಗಿ ಕೂತ. ಕೊಬ್ಬರಿಯ ಕಾಯಿ ಹೇಗೂ ಒಡೆಯುವುದೇ ಎಂದು ಸುಲಿಯುವವರು ಜುಟ್ಟು ಬಿಡುವುದಿಲ್ಲ, ಬೋಳು ಮಾಡಿಬಿಡುತ್ತಾರೆ. ಕೆಂಪಕ್ಕನೂ ಜನ್ಮದ ರೂಢಿಯಲ್ಲಿ ಹನ್ನೊಂದನ್ನು ಬೋಳಿಸಿದ್ದಳು. ಜುಟ್ಟಿಲ್ಲದೆ ಬರಿದಾದ ಮೆತ್ತನೆಯ ಕಣ್ಣಿನಿಂದ ಮೂರು ವಾರದಲ್ಲಿ ನೀರು ಒಳಗಿಳಿದಿತ್ತು, ನೀರು ತುಂಬಿದ ಕಾಯಿ ಶಬ್ದಕ್ಕೆ ಬರೀ ನೀರಾಗಿತ್ತು. ಅಟ್ಟದಿಂದ ಮೊದಲು ಇಳಿಸಿದ ಕಾಯಿಗೆ ಮಾತ್ರ ದೇವರ ಪಾಲೆಂದು ಜುಟ್ಟು ಬಿಡುವುದು ಅವಳ ಪದ್ಧತಿ. ಅದನ್ನೂ ಶಿವರಾಜುವಿನ ಕೆಲಸಕ್ಕೆ ಆಗಲಿ ಎಂದು ಚೀಲಕ್ಕೆ ಹಾಕಿದ್ದಳು.

ಎಲ್ಲಕ್ಕೂ ಜುಟ್ಟು ಬಿಟ್ಟು, ಮೇಲೆ ಮೇಣ ಮೆತ್ತಿದರೆ ಆಯಿತು ಎಂದು ಗಂಗಲಕ್ಷ್ಮಿ ಹೇಳುತ್ತಿದ್ದಂತೆ ಬಲೆ ಮತ್ತೆ ಬಿಗಿಯಿತು. ಉಳಿದದ್ದು ಬೊಡ್ಡೆಗೆ ಸಿಕ್ಕಿಕೊಂಡಿತ್ತು. ಆ ಕಡೆಯಿಂದ ಎಳೆದರು, ಈ ಕಡೆಯಿಂದ ಎಳೆದರು. ದೋಣಿ ವಾಲಿತೇ ಹೊರತು ಬಲೆ ಬರಲಿಲ್ಲ.

ಶಿವರಾಜು ನೀರು ನೋಡಿದ. "ಒಂದೇ ನಿಮಿಷದ ಕೆಲ್ಸ."

ಬಲೆ ಕಂಡಿತ್ತು, ಕರಾರಿನ ಪ್ರಕಾರ ಅವಳು ಗೆದ್ದಿದ್ದಳು, ಬೇಡ ಅನ್ನುವ ಹಕ್ಕು ಅವಳಿಗಿತ್ತು. ಆದರೆ ಅವನ ಕಣ್ಣು ಆಗಲೇ ನೀರೊಳಗೆ ಇಳಿದುಬಿಟ್ಟಿತ್ತು. ಇವತ್ತು ತಡೆದರೆ ನಾಳೆ ತನಗೆ ಗೊತ್ತಿಲ್ಲದೆ ಒಬ್ಬನೇ ಬರುತ್ತಾನೆ, ತುದಿಯನ್ನು ಗೂಟಕ್ಕೆ ಕಟ್ಟುತ್ತಾನೆ. ಗೂಟ ಹಿಡಿಯುವುದಕ್ಕಿಂತ ತಾನು ಹಿಡಿಯುವುದೇ ಮೇಲು. ಸಿಟ್ಟು, ಹಟ, ತುಮಕೂರಿನ ಸಂಬಂಧ ಯಾವುದೂ ಇವನಿಗಿಂತ ದೊಡ್ಡದಲ್ಲ ಅಂತ ಅವಳಿಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ಗೊತ್ತಾಯಿತು.

ಬಗ್ಗಿ ಹಗ್ಗದ ತುದಿ ಎತ್ತಿಕೊಂಡಳು. ಅಂಗೈಗೆ ಎರಡು ಸುತ್ತು ಸುತ್ತಿದಳು.

"ಹೋಗು. ನಾನು ಹಿಡ್ಕೊಂಡಿರ್ತೀನಿ."

ಅವನು ದೋಣಿಯ ಅಂಚಿಗೆ ಕೂತು ಒಂದು ಕಾಲು ನೀರಿಗೆ ಬಿಟ್ಟ. ಹಗ್ಗ ನಡುಗುತ್ತಿರುವುದು ಅವನ ಸೊಂಟಕ್ಕೆ ತಾಗಿತು. ತಿರುಗಿ ನೋಡಿದ. ಅವಳು ಅಳುತ್ತಿರಲಿಲ್ಲ, ತುಟಿ ಕಚ್ಚಿಕೊಂಡಿದ್ದಳು, ಕೈ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಹಳೆಯ ಗಾಯದ ಗೆರೆಯ ಮೇಲೇ ಹಗ್ಗ ಕೂತಿತ್ತು.

ಅವನು ಕಾಲನ್ನು ದೋಣಿಯೊಳಗೆ ಎಳೆದುಕೊಂಡ, ಸೊಂಟದ ಗಂಟು ಬಿಚ್ಚತೊಡಗಿದ. ಬಿಗಿದ ಗಂಟು ಬೇಗ ಬಿಚ್ಚಲಿಲ್ಲ.

"ನಂಗೆ ಭಯ ಆಗುತ್ತೆ ಗಂಗಾ," ಎಂದ, ಗಂಟನ್ನೇ ನೋಡುತ್ತಾ. "ಕಾರ್ತೀಕದಿಂದ ಪ್ರತಿ ಸಲಾನೂ. ಕೆಳಗೆ ಏನೂ ಕಾಣಲ್ಲ. ಕಾಲಿಗೆ ಎಲೆ ತಾಗಿದ್ರೂ ಬಲೆ ಅನ್ಸುತ್ತೆ."

"ಮತ್ತೆ ಅವತ್ತು ನಕ್ಕೆಯಲ್ಲ?"

"ಅಳು ಬತ್ತಿತ್ತು. ನಿನ್ನ ಮುಂದೆ ಹೆಂಗೆ ಅಳಲಿ? ಭಯ ಬೀಳೋನ ಹಗ್ಗ ನೀನು ಹಿಡಿತಿದ್ಯಾ?"

ಗಂಗಲಕ್ಷ್ಮಿಗೆ ಐದು ತಿಂಗಳು ನಿದ್ದೆಗೆಟ್ಟದ್ದೆಲ್ಲ ಒಟ್ಟಿಗೇ ಕಣ್ಣಿಗೆ ಬಂತು. "ಭಯ ಇಲ್ದೇ ಇರೋನ ಹಗ್ಗ ಹಿಡಿಯಕ್ಕಾಗ್ದೆ ಬಿಟ್ಟಿದ್ದು ಕಣೋ," ಎಂದಳು. "ಸತ್ರೂ ನಗ್ತಾನೆ ಇವ್ನು, ಇವನ್ನ ನಂಬ್ಕೊಂಡು ನಾನು ಹೆಂಗೆ ಬದುಕ್ಲಿ ಅಂತ." ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ ಎನಿಸಿ ಹೇಳಿದಳು, "ನಂಗೆ ನೀನು ಬೇಕು. ಭಯ ಬಿದ್ದೇ ಇರು. ಆದ್ರೆ ಇರು."

ಅವನು ಅವಳ ಅಂಗೈಯಿಂದ ಹಗ್ಗದ ಸುತ್ತು ಬಿಚ್ಚಿ, ಕೆಂಪಾದ ಜಾಗದ ಮೇಲೆ ತನ್ನ ಅಂಗೈ ಇಟ್ಟ. ನೀರಿನ ಕೆಲಸಕ್ಕೆ ಒರಟಾದ ಎರಡು ಕೈಗಳು. ಇಬ್ಬರಿಗೂ ಬಿಡುವ ಅವಸರವಿರಲಿಲ್ಲ.

ಬಲೆಯ ಮೂಲೆಗೆ ಒಂದು ಖಾಲಿ ಡಬ್ಬ ಕಟ್ಟಿ ಗುರುತಿಗೆ ತೇಲಿಬಿಟ್ಟರು. ಎಲ್ಲಿದೆ ಅಂತ ಗೊತ್ತಾದ ಮೇಲೆ ಪ್ರಾಣ ಒತ್ತೆಯಿಡುವ ಅಗತ್ಯ ಇರಲಿಲ್ಲ. ನಾಳೆ ಎರಡು ದೋಣಿ ತಂದು ಎರಡು ಕಡೆಯಿಂದ ಎಳೆದರಾಯಿತು, ಬರದಿದ್ದರೆ ಸಿಕ್ಕಷ್ಟನ್ನು ಕುಯ್ದುಕೊಂಡು ಉಳಿದದ್ದನ್ನು ಬೊಡ್ಡೆಗೇ ಬಿಟ್ಟರಾಯಿತು.

"ನಾಳೆ ಬಂದು ನಿಮ್ಮಪ್ಪನ್ನ ಕೇಳ್ತೀನಿ," ಎಂದ ಶಿವರಾಜು.

"ನಾಳೆ ಯಾಕೆ? ಅಲ್ಲೇ ದಡದಲ್ಲಿ ನಿಂತವ್ರೆ."

ಗಿಡ್ಡಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದು ಅವರ ಕಡೆಗೇ ನೋಡುತ್ತಿದ್ದ. ಶಿವರಾಜು ಹುಟ್ಟು ಹಾಕಿದ. ದಡ ಹತ್ತಿರವಾದಷ್ಟೂ ಅವನ ಕೈ ನಿಧಾನವಾಯಿತು, ಕೊನೆಗೆ ನಿಂತೇಹೋಯಿತು. ಏನಾಯಿತು ಎಂದು ಅವಳು ಕಣ್ಣಲ್ಲೇ ಕೇಳಿದಳು.

"ಭಯ," ಎಂದ. ಮೊದಲ ಸಲ ಆ ಪದ ಅವನ ಬಾಯಲ್ಲಿ ಸಲೀಸಾಗಿ ಬಂತು.

ಗಂಗಲಕ್ಷ್ಮಿ ನಕ್ಕು, ಪರದೆ ಆರಿಸಿ, ಅವನ ಪಕ್ಕಕ್ಕೆ ಬಂದು ಕೂತು ಇನ್ನೊಂದು ಹುಟ್ಟು ಕೈಗೆತ್ತಿಕೊಂಡಳು.