ಕಾಸರಕದ ಬೆಣೆ

"ಎಂತ ಬೇಕಾದರೂ ಕಿತ್ತುಹಾಕಿ, ಆ ಬೆಣೆ ಒಂದು ಮುಟ್ಟಬೇಡಿ ಮಾರಾಯ್ರೆ," ಎಂದರು ಪೂವಪ್ಪ ಆಚಾರಿ.

ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿಯಿತ್ತು. ಹಗ್ಗ ನುಸುಳದಂತೆ ಯಾರೋ ಅದಕ್ಕೆ ಕಾಸರಕದ ಮರದ ಬೆಣೆ ಜಡಿದಿದ್ದರು.

"ಅದರಲ್ಲಿ ಎಂತ ಉಂಟು?" ಮನೆ ಹಿಡಿದ ಲೀಲಾಧರ ಕೇಳಿದ.

"ಹಿಂದೆ ಇಲ್ಲಿ ಅಕ್ಕು ಅಂತ ಒಬ್ಬಳಿದ್ದಳು. ಅವಳ ಮಗು ತೊಟ್ಟಿಲಲ್ಲೇ ಹೋಯ್ತು. ಇನ್ನು ಇಲ್ಲಿ ತೂಗುವ ಮಗುವೆಲ್ಲ ತನ್ನದೇ ಅಂತ ಮಾಟ ಮಾಡಿಸಿ ಸತ್ತಳು. ಮತ್ತೂ ಎರಡು ಮಕ್ಕಳು ಹೋದ ಮೇಲೆ ಮಂತ್ರವಾದಿ ಅವಳನ್ನು ಅಲ್ಲಿ ಕಟ್ಟಿದ್ದು. ಕಿತ್ತ ಕೈಯೇ ಮತ್ತೆ ಜಡಿಯಬೇಕು. ಆ ಕೈಯನ್ನು ಅವಳು ಬಿಡುವುದಿಲ್ಲ."

ಲೀಲಾಧರ ನಕ್ಕುಬಿಟ್ಟ. ಬೊಂಬಾಯಿಯಲ್ಲಿ ನಕ್ಷೆ ಬರೆಯುವ ಕೆಲಸ ಕಲಿತವನಿಗೆ ಇದೆಲ್ಲ ಅಜ್ಜಿಕತೆ. ಕುದ್ರೋಳಿಯ ಅಂಗಡಿಯೊಂದರ ಮೇಲಿನ ಈ ಮಾಳಿಗೆಮನೆಯನ್ನು ಅವನು ಹಿಡಿದದ್ದೇ ಅದರ ಹಳೆಯ ಚಂದಕ್ಕೆ. ಸುಣ್ಣ ಕೆರೆದು ತೇಗದ ಕಂಬಗಳನ್ನು ಹೊರತೆಗೆದಿದ್ದ. ಮುಚ್ಚಿದ್ದ ಕಿಟಕಿಗಳನ್ನು ತೆರೆಸಿದ್ದ. ಒಡೆದ ಹೆಂಚಿಗೆ ಅದೇ ಅಚ್ಚಿನ ಹೆಂಚನ್ನೇ ಹುಡುಕಿ ತಂದಿದ್ದ. ಮನೆ ಮೊದಲು ಹೇಗಿತ್ತೋ ಹಾಗೇ ಆಗಬೇಕು ಎಂಬ ಹಟ. ಅದರ ನಡುವೆ ಈ ಬೆಣೆ, ಪಾಯಸದಲ್ಲಿ ಕಲ್ಲು ಸಿಕ್ಕಂತೆ! ಕುಟ್ಟಿ ಕೆಡವಿಯೇಬಿಟ್ಟ. ಹಳೆಯ ವಸ್ತುವಲ್ಲವೇ ಎಂದು ನಕ್ಷೆಗಳು ಹಾರದಂತೆ ಮೇಜಿನ ಮೇಲಿಟ್ಟ. ಆಚಾರಿ ಉಳಿಗಳನ್ನು ಗಂಟುಕಟ್ಟಿ ಮೆಟ್ಟಿಲಿಳಿದರು.

ಅಟ್ಟದಲ್ಲಿ ಸಿಕ್ಕ ತೊಟ್ಟಿಲಿಗೆ ಎಣ್ಣೆ ಹಚ್ಚಿ ಕಟ್ಟಿಯೂ ಆಯಿತು. ಹೆಂಡತಿ ರಾಜೀವಿ ನಲವತ್ತು ದಿನದ ಮಗಳನ್ನೆತ್ತಿಕೊಂಡು ತವರಿನಿಂದ ಬಂದಳು.

ಮೂರನೆಯ ಮಧ್ಯಾಹ್ನ ಮನೆಯಲ್ಲಿ ಹುಳಿತ ಎದೆಹಾಲಿನ ವಾಸನೆ. ಕಿರ್... ಕಿರ್... ಕೊಂಡಿಯ ಸದ್ದು.

"ಖಾಲಿ ತೊಟ್ಟಿಲು ಯಾಕೆ ತೂಗುವುದು? ಮಗುವಿಗೆ ಒಳ್ಳೆಯದಲ್ಲ ಅಂತ ಗೊತ್ತಿಲ್ವಾ?" ರಾಜೀವಿ ಒಳಗಿನಿಂದ ಗದರಿದಳು.

"ನಾನು ತೂಗಲಿಲ್ಲ. ಕಡಲ ಗಾಳಿ."

ಹೊರಗೆ ತೆಂಗಿನ ಗರಿಯೊಂದೂ ಅಲುಗುತ್ತಿರಲಿಲ್ಲ. ಲೀಲಾಧರ ತೊಟ್ಟಿಲನ್ನು ಹಿಡಿದು ನಿಲ್ಲಿಸಿದ. ಬೆನ್ನು ತಿರುಗಿಸಿದ್ದೇ ತಡ, ಮತ್ತೆ ಕಿರ್. ಅಂದಿನಿಂದ ಕುಳಿತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಮಗು ಮೊಲೆ ಹಿಡಿಯುವುದನ್ನು ಬಿಟ್ಟಿತು. ಕಣ್ಣು ಸದಾ ತೊಲೆಯ ಕಡೆಗೇ. ಅವನಿಗೆ ಹೆದರಿಕೆಯಾಗಿತ್ತು, ಹೆಂಡತಿಯ ಮುಂದೆ ಹೇಳಲು ನಾಚಿಕೆ.

ಆರನೆಯ ದಿನ ರಾಜೀವಿ ಚೀರಿದಳು. "ಚಾಪೆಯಲ್ಲಿ ಮಲಗಿಸಿದ್ದೆ! ಮಗು ಎಲ್ಲಿ?"

ಮಗು ತೊಟ್ಟಿಲಲ್ಲಿತ್ತು. ತೊಟ್ಟಿಲು ಹೆಂಚಿನವರೆಗೆ ಜೀಕುತ್ತಿತ್ತು. ಅವನು ಹಿಡಿದ. ಅದು ಅವನನ್ನೇ ಗೋಡೆಗೆ ಒಗೆಯಿತು. ಬಿಸಿಲಿತ್ತು, ಆದರೂ ಒಳಗೆ ಕತ್ತಲು. ವಾಸನೆಗೆ ಉಸಿರು ಕಟ್ಟಿತು. ಮಗುವಿನ ತುಟಿ ನೀಲಿ.

"ಕೆಳಗೆ ನಿಲ್ಲು! ಸೆರಗು ಒಡ್ಡು!"

ಮೇಜು ಹತ್ತಿದ. ಚೂರಿಯಿಂದ ಹಗ್ಗ ಕೊಯ್ದ. ಮಗು ಸೆರಗಿಗೆ ಬಿತ್ತು. ತೊಟ್ಟಿಲು ಗೋಡೆಗೆ ಬಡಿದು ಚೂರಾಯಿತು. ಬರಿಯ ಕೊಂಡಿ ಇನ್ನೂ ಅಲುಗುತ್ತಿತ್ತು. ಬೆಣೆ ಇಟ್ಟ. ಕುಟ್ಟಿದ. ಬಲಗೈಯ ಮೇಲೆ ತಣ್ಣಗಿನ ಅಂಗೈಯೊಂದು ಮುಚ್ಚಿಕೊಂಡಿತು. ಬಿಡಲಿಲ್ಲ. ಅವನೂ ಬಿಡಲಿಲ್ಲ. ಕುಟ್ಟಿದ.

ಸದ್ದು ನಿಂತಿತು. ಮಗು ಅತ್ತಿತು.

ಅದೇ ಸಂಜೆ ಅವರು ಮನೆ ಬಿಟ್ಟರು. ಮಗು ಮೈದುಂಬಿ ಬೆಳೆಯಿತು. ಲೀಲಾಧರನ ಬಲಗೈ ಮಾತ್ರ ಅಂದಿನಿಂದ ತೂಗುವುದನ್ನು ನಿಲ್ಲಿಸಿಲ್ಲ. ಮುಂದೆ, ಹಿಂದೆ, ಮುಂದೆ, ಹಿಂದೆ. ಒಂದು ನೇರ ಗೆರೆ ಎಳೆಯಲಾರ. ರಚ್ಚೆ ಹಿಡಿದ ಮಗಳು ಆ ಕೈಯನ್ನು ಕಂಡರೆ ಸಾಕು, ಅಳು ನಿಲ್ಲಿಸಿ ನಗುತ್ತಾಳೆ, ಎತ್ತಿಕೋ ಎಂದು ಎರಡೂ ತೋಳು ಚಾಚುತ್ತಾಳೆ.

ರಾಜೀವಿ ಅವನಿಗೆ ಮಗುವನ್ನು ಕೊಡುವುದಿಲ್ಲ. ಅವನೂ ಕೇಳುವುದಿಲ್ಲ.