ನಾಲ್ಕೂವರೆ ಬಸ್ಸು

"ಟೆನ್ನಿಗೆ ಸಿಕ್ಸ್! ಅಮ್ಮಂಗೆ ಟೆನ್ನಿಗೆ ಸಿಕ್ಸ್!" ಸ್ಫೂರ್ತಿ ಕಂಪ್ಯೂಟರಿನ ಮುಂದೆ ಕುಣಿದಳು. "ನಾನು ಇಷ್ಟು ತಂದಿದ್ರೆ ಒಂದು ವಾರ ಟಿವಿ ಬಂದ್ ಆಗ್ತಿತ್ತು."

"ಮೆಲ್ಲಗೆ ಕಣೆ," ಅಂದಳು ಅಮ್ಮ ಸುಮಿತ್ರಾ.

ಅಜ್ಜಿಗೆ ಮರೆವಿನ ಕಾಯಿಲೆ. ಅದಕ್ಕೆ ಡಿಮೆನ್ಶಿಯಾ ಅಂತ ಹೆಸರು. ಅಂಥವರನ್ನು ನೋಡಿಕೊಳ್ಳುವ ಮನೆಯವರಿಗೆಂದೇ ಪ್ರತಿ ಶನಿವಾರ ನಾಲ್ಕರಿಂದ ಐದರವರೆಗೆ ಇಂಟರ್ನೆಟ್ಟಿನಲ್ಲಿ ಕ್ಲಾಸ್ ಇತ್ತು. ಪುಣೆ, ಲಖನೌ, ಕೊಚ್ಚಿ, ಎಲ್ಲೆಲ್ಲಿಂದಲೋ ಜನ ಸೇರುತ್ತಿದ್ದರು. ಹೋಂವರ್ಕ್ ಬೇರೆ ಕೊಟ್ಟು ಮಾರ್ಕ್ಸ್ ಹಾಕುತ್ತಿದ್ದರು.

"ಯಾವುದು ತಪ್ಪಾಯ್ತು?"

"ಮನೆಗೆ ಹೋಗಬೇಕು ಅಂತ ಅವರು ಹಟ ಹಿಡಿದರೆ ಏನು ಮಾಡ್ತೀರಿ ಅಂತ ಕೇಳಿದ್ರು. ಇದೇ ನಿಮ್ಮ ಮನೆ ಅಂತ ತಿಳಿಸಿ ಹೇಳ್ತೀನಿ ಅಂದೆ."

"ರಾಂಗ್! ವಾದ ಮಾಡಬಾರದು. ಅವರು ಹೇಳಿದ್ದಕ್ಕೆ ಹೂಂಗುಟ್ಟಬೇಕು. ನಾನೇ ಓದಿ ಹೇಳಿದ್ನಲ್ಲ ಮಮ್ಮೀ!"

"ಸರಿ ಟೀಚರ್. ಈಗ ಕೇಳು. ಎರಡು ಕ್ಲಾಸ್ ಆಗಲೇ ಅರ್ಧಕ್ಕೆ ಬಿಟ್ಟಿದೀನಿ. ಇವತ್ತೂ ಎದ್ದು ಹೋದ್ರೆ ಲಿಸ್ಟಿಂದ ಹೆಸರು ತೆಗೀತಾರೆ. ಅಪ್ಪ ಟೂರ್ ಮೇಲಿದ್ದಾರೆ. ಐದರವರೆಗೆ ಅಜ್ಜೀನ ನೀನೇ ನೋಡ್ಕೋಬೇಕು. ಬಿಲ್ಡಿಂಗ್ ದಾಟಬಾರದು."

"ಡನ್. ಒಂದು ಕುಲ್ಫಿ."

"ಡನ್." ಅಮ್ಮ ಹೆಡ್‌ಫೋನ್ ಹಾಕಿಕೊಂಡು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡಳು.

ಗಡಿಯಾರದಲ್ಲಿ ನಾಲ್ಕಾಗುವುದಕ್ಕೂ ಅಜ್ಜಿ ಕೈಚೀಲ ಹಿಡಿದು ಹೊರಡುವುದಕ್ಕೂ ಸರಿಹೋಯಿತು. ದಿನವೂ ಹೀಗೇ.

"ಹೊತ್ತಾಯ್ತು ಕಣವ್ವ. ನಾಲ್ಕೂವರೆ ಬಸ್ಸು ಹೋದ್ರೆ ಇನ್ನಿಲ್ಲ. ಹಸ ಕರೀಬೇಕು. ಕರ ಬಡ್ಕೋತಾ ಇರ್ತದೆ."

ಅಜ್ಜಿಯ ಊರು ನಾಗಮಂಗಲದ ಹತ್ತಿರ. ಈ ಮನೆ ದಿಲ್ಲಿಯ ದ್ವಾರಕಾದ ಸೊಸೈಟಿ ಫ್ಲ್ಯಾಟಿನ ಆರನೇ ಮಹಡಿ. ಹೊರಗೆ ಜೂನ್ ತಿಂಗಳ ಲೂ ಗಾಳಿ ಬೆಂಕಿಯಂತೆ ಬೀಸುತ್ತಿತ್ತು. ಅಜ್ಜಿಯ ಹಿಂದೆಯೇ ಬಾಗಿಲಾಚೆ ಬಂದು ಸ್ಫೂರ್ತಿ ಆ ಕಡೆ ಈ ಕಡೆ ನೋಡಿದಳು. ಎದುರಿಗೆ ಲಿಫ್ಟ್ ಕಂಡಿತು. ಅವಳ ತುಟಿಯಂಚಿನಲ್ಲಿ ನಗು ಮೂಡಿತು.

"ನಾಗಮಂಗಲ, ನಾಗಮಂಗಲ! ಯಾರ್ರೀ ಹತ್ತೋರು?"

ಬಟನ್ ಒತ್ತುತ್ತಲೇ ಲಿಫ್ಟಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಅಜ್ಜಿ ಬಗ್ಗಿ ಒಳಗೆ ನೋಡಿದರು. "ಹೊಸ ಬಸ್ಸೇನವ್ವ?"

"ಹೂಂ ಅಜ್ಜಿ. ಎಕ್ಸ್‌ಪ್ರೆಸ್!"

ಅಜ್ಜಿ ಹತ್ತಿದರು. ಸ್ಫೂರ್ತಿ ಎಲ್ಲ ಬಟನ್ ಒತ್ತಿಬಿಟ್ಟಳು. ಲಿಫ್ಟ್ ಪ್ರತಿ ಮಹಡಿಯಲ್ಲೂ ನಿಂತು ನಿಂತು ಇಳಿಯತೊಡಗಿತು. ಅಜ್ಜಿ ದಿನಾ ಹೇಳುವ ಸ್ಟಾಪುಗಳು ಅವಳಿಗೆ ಅಷ್ಟಿಷ್ಟು ಬಾಯಿಗೆ ಬರುತ್ತಿದ್ದವು.

"ಹುಣಸೆಮರ! ಇಳಿಯೋರು ಇಳೀರಿ! ರೈಸ್ ಮಿಲ್ಲು!"

"ಅಯ್ಯೋ, ಕೆರೆ ಏರಿ ದಾಟಿದ್ ಮೇಲಲ್ವಾ ಮಿಲ್ಲು ಬರೋದು? ನೀನು ಹೊಸ ಕಂಡಕ್ಟರಾ?"

ಬೆಳಿಗ್ಗೆ ತಿಂಡಿ ತಿಂದದ್ದು ಅಜ್ಜಿಗೆ ನೆನಪಿರಲಿಲ್ಲ. ಸ್ಟಾಪು ಮಾತ್ರ ಒಂದೂ ಹಿಂದುಮುಂದಾಗಲಿಲ್ಲ.

ಕೆಳಗೆ ವರ್ಮಾ ಆಂಟಿ ತರಕಾರಿ ಚೀಲ ಹಿಡಿದು ನಿಂತಿದ್ದರು. "ಬಾರವ್ವ, ಜಾಗ ಐತೆ," ಎಂದು ಅಜ್ಜಿ ಮೂಲೆಗೆ ಸರಿದು, ಅವರ ಬೆಂಡೆಕಾಯಿ ಚೀಲವನ್ನು ಇಸಿದುಕೊಂಡರು. ಕನ್ನಡ ತಿಳಿಯದ ಆಂಟಿ ಸುಮ್ಮನೆ ನಕ್ಕರು. ಲಿಫ್ಟ್ ಒಂದರಲ್ಲೂ ನಿಂತಿತು, ಎರಡರಲ್ಲೂ ನಿಂತಿತು.

"ಯೇ ಸಾರೇ ಬಟನ್ ಕಿಸ್‌ನೇ ದಬಾಯೇ?" ಎಲ್ಲ ಬಟನ್ ಒತ್ತಿದ್ದು ಯಾರೆಂದು ಆಂಟಿ ಕೇಳಿದರು.

"ಡ್ರೈವರ್ ನೇ, ಆಂಟಿ!"

ಆಂಟಿ ನಾಲ್ಕರಲ್ಲಿ ಗೊಣಗುತ್ತ ಇಳಿದರು. ಏಳೆಂಟನೇ ಟ್ರಿಪ್ಪಿಗೆ ಅಜ್ಜಿಯ ಹುಬ್ಬು ಗಂಟಾಯಿತು.

"ಈ ಬಸ್ಸು ಕುಲುಕೋದೇ ಇಲ್ವಲ್ಲ. ಇದು ನಮ್ಮೂರ ದಾರಿ ಅಲ್ಲ. ಇಳಿಸವ್ವ ನನ್ನ."

ಸ್ಫೂರ್ತಿಗೆ ದಿಗಿಲಾಯಿತು. ಅಜ್ಜಿ ಈಗ ಕೂಗಾಡಿದರೆ ಅಮ್ಮ ಎದ್ದು ಓಡಿಬರುತ್ತಾಳೆ. ಅವಳು ಥಟ್ಟನೆ ಎಗರಿದಳು. "ಹಂಪ್ ಬಂತು ಅಜ್ಜಿ!"

ಲಿಫ್ಟ್ ಕುಲುಕಿತು. ಅಜ್ಜಿ ಕಿಲಕಿಲ ನಕ್ಕರು. "ಹಾಂ, ಈಗ ಸರಿ!"

ಸ್ಫೂರ್ತಿ ಇನ್ನೊಮ್ಮೆ ಎಗರಿದಳು. ಮೂರನೇ ಸಲ ಎಗರಿದಾಗ ಲಿಫ್ಟ್ ನಡುಗಿ ನಿಂತೇಬಿಟ್ಟಿತು. ದೀಪ ಆರಿತು.

ಅವಳು ತಡವರಿಸಿ ಬೆಲ್ ಒತ್ತಿದಳು. ಕೆಳಗಿನಿಂದ ಗಾರ್ಡ್ ದನಿ ಕೇಳಿತು. "ಕೌನ್ ಹೈ? ಮಮ್ಮಿ ಕೋ ಬುಲಾಊಂ?"

ಹೂಂ, ಅಮ್ಮನನ್ನು ಕರೆಯಿರಿ ಅನ್ನಲು ಅವಳು ಬಾಯಿ ತೆರೆದಳು. ಕೈಗಡಿಯಾರದಲ್ಲಿ ಮುಳ್ಳು ಹಸಿರಾಗಿ ಮಿನುಗುತ್ತಿತ್ತು. ಐದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು.

"ನಹೀಂ ಭಯ್ಯಾ! ಪಾಂಚ್ ಬಜೇ ತಕ್ ನಹೀಂ!"

"ಅಚ್ಛಾ, ರುಕೋ. ಚಾಬಿ ಲಾತಾ ಹೂಂ." ಕೀ ತರಲು ಹೋದ ಅವನ ಹೆಜ್ಜೆಯ ಸದ್ದು ದೂರವಾಯಿತು.

ಕತ್ತಲು. ಸೆಕೆ. ಎಷ್ಟು ತಡೆದರೂ ಸ್ಫೂರ್ತಿಗೆ ಅಳು ಬಂದುಬಿಟ್ಟಿತು.

"ಯಾಕವ್ವ? ಬಸ್ಸು ಕೆಟ್ಟೈತೆ, ಅಷ್ಟೆ. ಏರಿ ಮೇಲೆ ಯಾವಾಗ್ಲೂ ಕೆಡ್ತದೆ." ಅಜ್ಜಿ ನೆಲದ ಮೇಲೆ ಕೂತು ಅವಳನ್ನು ಮಡಿಲಿಗೆ ಎಳೆದುಕೊಂಡರು. ಸೆರಗಿನಿಂದ ಮುಖ ಒರೆಸಿದರು. "ಒಂದ್ ಸಲ ಹಿಂಗೇ ನಿಂತಿತ್ತು. ಸಂತೆಯಿಂದ ತಂದಿದ್ದ ಯಾರದೋ ಕೋಳಿ ದಾರ ಬಿಚ್ಕೊಂಡು ಹೋಗಿ ಡ್ರೈವರ್ ತಲೆ ಮೇಲೆ ಕೂತ್ಕೊಂಡ್ತು!"

ಅಳುವಿನ ನಡುವೆಯೇ ಸ್ಫೂರ್ತಿಗೆ ನಗು ಬಂತು.

"ಯಾರ ಮಗಳವ್ವ ನೀನು?"

ನಗು ಅಲ್ಲಿಗೇ ನಿಂತಿತು. ಅಜ್ಜಿ ಅಪ್ಪನ ಹೆಸರು ಮರೆತಿದ್ದರು, ಅಮ್ಮನನ್ನು ಯಾರುಯಾರೋ ಅಂದುಕೊಂಡಿದ್ದರು. ಸ್ಫೂರ್ತಿಯನ್ನು ಒಂದು ದಿನವೂ ಮರೆತಿರಲಿಲ್ಲ. 'ನಾನು, ಅಜ್ಜಿ, ನಾನು!' ಎಂದು ಕಿರುಚಬೇಕೆನಿಸಿತು. ಆದರೆ ಬೆನ್ನು ತಟ್ಟುತ್ತಿದ್ದ ಅಜ್ಜಿಯ ಕೈ ನಿಂತಿರಲಿಲ್ಲ. ಮೊದಲಿನಷ್ಟೇ ಮೆತ್ತಗೆ ತಟ್ಟುತ್ತಲೇ ಇತ್ತು.

"ಸುಮಿತ್ರಾ ಮಗಳು," ಅಂದಳು.

"ಇಷ್ಟು ಚಿಕ್ಕ ಮಗೂನ ಒಬ್ಬಳನ್ನೇ ಬಸ್ ಹತ್ತಿಸವ್ಳಲ್ಲ! ಇರು, ಮನೆ ತನಕ ನಾನೇ ಬತ್ತೀನಿ."

"ನಿಮ್ಮ ಹಸು?"

ಅಜ್ಜಿ ಒಂದು ಗಳಿಗೆ ಯೋಚಿಸಿದರು. "ಕರ ಕುಡ್ಕೊಳ್ಳಲಿ ಬಿಡು, ಒಂದ್ ದಿನ."

ಗಾರ್ಡ್ ಬಾಗಿಲು ಬಿಡಿಸಿ ಅವರನ್ನು ಮೂರನೇ ಮಹಡಿಯಲ್ಲಿ ಇಳಿಸಿದ. ಅಲ್ಲಿಂದ ಮೆಟ್ಟಿಲು. ಅಜ್ಜಿ ಅವಳ ಕೈ ಹಿಡಿದು, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತ ಹತ್ತಿದರು. ಆರನೇ ಮಹಡಿಗೆ ಬಂದಾಗ ಐದು ದಾಟಿತ್ತು. ಕರೆಗಂಟೆಯನ್ನು ಅಜ್ಜಿಯೇ ಒತ್ತಿದರು.

ಕುತ್ತಿಗೆಯಲ್ಲಿ ಹೆಡ್‌ಫೋನ್ ನೇತಾಡುತ್ತಿದ್ದಂತೆಯೇ ಅಮ್ಮ ಬಾಗಿಲು ತೆರೆದಳು. "ಪೂರ್ತಿ ಕ್ಲಾಸ್ ಕೇಳಿದೆ ಕಣೆ! ಎಲ್ಲಿ ಹೋಗಿದ್ರಿ..."

"ಇದು ನಿನ್ನ ಮಗೂನಾ?" ಅಜ್ಜಿ ಗದರಿದರು. "ಬಸ್ಸಲ್ಲಿ ಹೆದರ್ಕೊಂಡಿತ್ತು. ಇನ್ ಮೇಲೆ ಒಬ್ಬಳನ್ನೇ ಕಳಿಸಬೇಡ."

"ಅತ್ತೆ, ಇವಳು ನಿಮ್ಮ..."

ಸ್ಫೂರ್ತಿ ಬೇಡವೆಂಬಂತೆ ತಲೆಯಾಡಿಸಿದಳು. ಅಮ್ಮ ಮಗಳ ಅತ್ತು ಕೆಂಪಾದ ಕಣ್ಣುಗಳನ್ನು ನೋಡಿದಳು.

"ಹೌದಮ್ಮ, ನನ್ನ ಮಗಳೇ. ಕರ್ಕೊಂಡು ಬಂದಿದ್ದು ದೊಡ್ಡ ಉಪಕಾರ ಆಯ್ತು. ಬನ್ನಿ, ಕಾಫಿ ಕುಡ್ಕೊಂಡು ಹೋಗಿ."

"ಒಂದ್ ಲೋಟ, ಅಷ್ಟೆ," ಎಂದು ಅಜ್ಜಿ ಸಂಕೋಚದಿಂದ ಒಳಗೆ ಕಾಲಿಟ್ಟರು.

ಸ್ಫೂರ್ತಿ ಹೊಸ್ತಿಲ ಬಳಿ ಬಗ್ಗಿ, ಒಂದೇ ಕೈಯಲ್ಲಿ ಸ್ಯಾಂಡಲಿನ ಬಕಲ್ ಬಿಚ್ಚತೊಡಗಿದಳು. ತುಂಬ ಹೊತ್ತು ಹಿಡಿಯಿತು. ಇನ್ನೊಂದು ಕೈಯನ್ನು ಅಜ್ಜಿ ಇನ್ನೂ ಬಿಟ್ಟಿರಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.